ಲೆಕ್ಕದ ಮೇಷ್ಟ್ರು, ಪದಗಳ ಆಟ

ರಾತ್ರಿ ಹನ್ನೆರಡು ಹೊಡೆದ ಕೂಡಲೇ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಸದ್ದಿಲ್ಲದ ಒಂದು ಗಲಾಟೆ ಶುರುವಾಗುತ್ತೆ. ಎಲ್ಲರೂ ಫೋನ್ ಹಿಡ್ಕೊಂಡು ಆ ದಿನದ ವರ್ಡಲ್ ಬಿಡಿಸೋಕೆ ಕೂತಿರ್ತೀವಿ. ಐದು ಅಕ್ಷರ, ಆರು ಚಾನ್ಸ್. ಈ ಸೆಮಿಸ್ಟರ್‌ನಲ್ಲಿ ನಾವು ಇದಕ್ಕೊಂದು ಬಾಲ ಅಂಟಿಸಿದ್ದೀವಿ: ಬಂದ ಉತ್ತರ ಇಟ್ಕೊಂಡು ತಮಾಷೆಗೆ ನಾಲ್ಕು ಸಾಲು ಪದ್ಯ ಬರೆಯೋದು. ಅರ್ಥ ಇದ್ರೂ ಸೈ, ಇಲ್ದಿದ್ರೂ ಸೈ. ಇಂಟರ್ನಲ್ಸ್ ಹತ್ತಿರ ಬಂದಾಗ ಮಾತ್ರ ಒಂದು ಪ್ರಶ್ನೆ ಚುಚ್ಚುತ್ತೆ. ಇದೆಲ್ಲ ಟೈಮ್ ವೇಸ್ಟ್ ಅಲ್ವಾ?

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದವರು ಲೆವಿಸ್ ಕ್ಯಾರಲ್. 'ಆಲಿಸ್' ಕಥೆ ಬರೆದವರು ಅಂತ ಎಲ್ಲರಿಗೂ ಗೊತ್ತು. ಆದ್ರೆ ಡೇಟಾ ಸ್ಟ್ರಕ್ಚರ್ಸ್ ಕಲಿಯುವಾಗ ಬಿಎಫ್‌ಎಸ್‌ಗೆ ಉದಾಹರಣೆಯಾಗಿ ಬರುವ ವರ್ಡ್ ಲ್ಯಾಡರ್ ಕೂಡ ಅವರದ್ದೇ ಆಟ ಅನ್ನೋದು ನಮಗೆ ಗೊತ್ತಿರಲಿಲ್ಲ. ಅದಕ್ಕಿಂತ ಆಶ್ಚರ್ಯ ಅಂದ್ರೆ ಅವರ ಕೆಲಸ ಕಥೆ ಬರೆಯೋದೇ ಆಗಿರಲಿಲ್ಲ. ಅವರು ಗಣಿತದ ಮೇಷ್ಟ್ರು.

ನಿಜವಾದ ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್. ಹುಟ್ಟಿದ್ದು 1832ರ ಜನವರಿ 27ರಂದು, ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಮನೆಯಲ್ಲಿ ಒಟ್ಟು 11 ಮಕ್ಕಳು, ಗಂಡುಮಕ್ಕಳಲ್ಲಿ ಚಾರ್ಲ್ಸ್ ದೊಡ್ಡವನು. ಹನ್ನೊಂದನೇ ವಯಸ್ಸಿಗೆ ಸಂಸಾರ ಯಾರ್ಕ್‌ಷೈರ್‌ನ ಕ್ರಾಫ್ಟ್ ಎಂಬ ಊರಿಗೆ ಹೋಯಿತು. ಅಲ್ಲಿ ಹುಡುಗ ತಮ್ಮಂದಿರು, ಅಕ್ಕತಂಗಿಯರಿಗಾಗಿ ಕೈಬರಹದ ಪತ್ರಿಕೆ ಶುರು ಮಾಡಿದ. ಪದ್ಯ, ಒಗಟು, ಚಿತ್ರ ಹೆಚ್ಚಿನವು ಅವನದೇ. ಒಂದು ಪತ್ರಿಕೆ ನಿಂತರೆ ಇನ್ನೊಂದು. ಓದುಗರು ಮನೆಯವರು ಮಾತ್ರ. ನಮ್ಮ ಕನ್ನಡ ಸಂಘದ ಪತ್ರಿಕೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ ಅಂತ ನಾವು ಸಮಾಧಾನ ಮಾಡ್ಕೊಂಡ್ವಿ.

ಅವನಿಗೆ ಮಾತು ತೊದಲುತ್ತಿತ್ತು. ಅದು ಜೀವನಪೂರ್ತಿ ಹೋಗಲಿಲ್ಲ. 1846ರಿಂದ ಸುಮಾರು ನಾಲ್ಕು ವರ್ಷ ರಗ್ಬಿ ಶಾಲೆಯ ಹಾಸ್ಟೆಲ್‌ನಲ್ಲಿದ್ದ. ಗಣಿತದಲ್ಲಿ ಬಹುಮಾನ ಬಂದರೂ ಅಲ್ಲಿನ ರಾತ್ರಿಗಳು, ದೊಡ್ಡ ಹುಡುಗರ ಕಾಟ ಅವನ ನೆನಪಿನಲ್ಲಿ ಕಹಿಯಾಗೇ ಉಳಿದವು. 1851ರ ಜನವರಿಯಲ್ಲಿ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದ. ಸೇರಿ ಎರಡು ದಿನ ಆಗಿತ್ತಷ್ಟೇ, ತಾಯಿ ತೀರಿಕೊಂಡ ಸುದ್ದಿ ಬಂತು. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ, ಅಂದ್ರೆ ನಮ್ಮದೇ ವಯಸ್ಸು. ಊರಿಗೆ ಹೋಗಿ ಮಣ್ಣು ಮಾಡಿ, ವಾಪಸ್ ಬಂದು ಓದಲು ಕೂತ. 1854ರಲ್ಲಿ ಗಣಿತದಲ್ಲಿ ಫಸ್ಟ್ ಕ್ಲಾಸ್. 1855ರಿಂದ ಅದೇ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಸಾಯುವವರೆಗೂ ಆ ಕಾಲೇಜೇ ಅವರ ಮನೆ.

ಅವರ ಇನ್ನೊಂದು ಹೆಸರು ಹುಟ್ಟಿದ್ದೇ ಒಂದು ಪದಬಂಧದ ಹಾಗೆ. 1856ರಲ್ಲಿ ಒಂದು ಪತ್ರಿಕೆಯಲ್ಲಿ ಪದ್ಯ ಬರಬೇಕಿತ್ತು, ಕಾವ್ಯನಾಮ ಬೇಕಾಯಿತು. ಚಾರ್ಲ್ಸ್ ಲಟ್‌ವಿಜ್ ಅನ್ನೋದನ್ನ ಲ್ಯಾಟಿನ್‌ಗೆ ತಿರುಗಿಸಿದರೆ ಕ್ಯಾರೊಲಸ್ ಲುಡೊವಿಕಸ್. ಅದನ್ನ ಹಿಂದುಮುಂದು ಮಾಡಿ ಮತ್ತೆ ಇಂಗ್ಲಿಷ್‌ಗೆ ತಂದರೆ ಲೆವಿಸ್ ಕ್ಯಾರಲ್. ತಮ್ಮ ಹೆಸರಿನ ಅಕ್ಷರಗಳನ್ನೇ ಕಲಸಿ ಮಾಡಿದ ಬೇರೆ ಹೆಸರುಗಳನ್ನೂ ಕಳಿಸಿದ್ದರು. ಸಂಪಾದಕರು ಆರಿಸಿದ್ದು ಇದನ್ನ.

ಆ ಕಾಲದ ಇಂಗ್ಲೆಂಡಿನಲ್ಲಿ ಡಬಲ್ ಅಕ್ರಾಸ್ಟಿಕ್ ಅನ್ನೋ ಪದದಾಟದ ಹುಚ್ಚು ಜೋರಾಗಿತ್ತು. ಅದು ಹೇಗೆ ಅಂತ ಕನ್ನಡದಲ್ಲೇ ನೋಡೋಣ. ಮೊದಲ ಸುಳಿವು 'ಕೊಲೆ ಮಾಡಿದವನು', ಉತ್ತರ 'ಹಂತಕ'. ಎರಡನೇ ಸುಳಿವು 'ರುಚಿ', ಉತ್ತರ 'ಸವಿ'. ಒಂದರ ಕೆಳಗೆ ಒಂದು ಬರೆದು ಮೊದಲ ಅಕ್ಷರಗಳನ್ನ ಓದಿದರೆ 'ಹಂಸ', ಕೊನೆಯ ಅಕ್ಷರಗಳನ್ನ ಓದಿದರೆ 'ಕವಿ'. ಇದನ್ನ ಹುಡುಕೋಕೆ ನಮಗೆ ಒಂದಿಡೀ ಸಂಜೆ ಹಿಡೀತು, ಅದೂ ಎರಡೇ ಪದಕ್ಕೆ! ಡಾಡ್ಜ್‌ಸನ್ ಇಂಥ ಉದ್ದುದ್ದ ಒಗಟುಗಳನ್ನ ಕಟ್ಟಿ, ಸುಳಿವುಗಳನ್ನೆಲ್ಲ ಪದ್ಯವಾಗಿ ಬರೆಯುತ್ತಿದ್ದರು. 1869ರ ಅವರ ಕವನ ಸಂಕಲನದಲ್ಲೂ ಅಂಥದ್ದೊಂದು ಇದೆ. ಅಂದ್ರೆ ಉತ್ತರ ಮೊದಲು, ಪದ್ಯ ಆಮೇಲೆ. ನಾವು ರಾತ್ರಿ ಹನ್ನೆರಡಕ್ಕೆ ಮಾಡೋದೂ ಅದನ್ನೇ.

1862ರ ಜುಲೈ 4ರಂದು ಕಾಲೇಜಿನ ಡೀನ್ ಲಿಡೆಲ್ ಅವರ ಮೂವರು ಹೆಣ್ಣುಮಕ್ಕಳನ್ನು ಡಾಡ್ಜ್‌ಸನ್ ಮತ್ತು ಅವರ ಗೆಳೆಯರೊಬ್ಬರು ದೋಣಿಯಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಹೇಳಿದ ಕಥೆಯನ್ನ ಬರೆದುಕೊಡಿ ಅಂತ ಹತ್ತು ವರ್ಷದ ಆಲಿಸ್ ಹಠ ಹಿಡಿದಳು. ಅದೇ 1865ರಲ್ಲಿ ಪುಸ್ತಕವಾಯಿತು. ಕನ್ನಡಕ್ಕೆ ಅದನ್ನ 'ಪಾತಾಳದಲ್ಲಿ ಪಾಪಚ್ಚಿ' ಅಂತ ತಂದವರು ನಾ. ಕಸ್ತೂರಿ. ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ 'ಅನರ್ಥಕೋಶ' ಬರೆದವರೂ ಅವರೇ. ಕ್ಯಾರಲ್‌ಗೆ ಕನ್ನಡದಲ್ಲಿ ಇವರಿಗಿಂತ ಸರಿಯಾದ ಜೋಡಿ ಸಿಗುತ್ತಿರಲಿಲ್ಲ ಅನ್ಸುತ್ತೆ.

ಎರಡನೇ ಆಲಿಸ್ ಪುಸ್ತಕ 1871ರ ಕೊನೆಗೆ ಬಂತು. ಅದರ ಕಡೆಯಲ್ಲಿ 21 ಸಾಲಿನ ಒಂದು ಪದ್ಯವಿದೆ. ಪ್ರತಿ ಸಾಲಿನ ಮೊದಲ ಅಕ್ಷರ ಹೆಕ್ಕಿದರೆ ಆಲಿಸ್ ಪ್ಲೆಸೆನ್ಸ್ ಲಿಡೆಲ್ ಅಂತ ಪೂರ್ತಿ ಹೆಸರು ಬರುತ್ತೆ. ಅಷ್ಟೊತ್ತಿಗೆ ಆಲಿಸ್ ದೊಡ್ಡವಳಾಗಿದ್ದಳು. 1863ರ ಜೂನ್‌ನಲ್ಲೇ ಆ ಮನೆಯ ಜೊತೆಗಿನ ಸ್ನೇಹ ಮುರಿದಿತ್ತು. ಅವರ ದಿನಚರಿಯಲ್ಲಿ ಸರಿಯಾಗಿ ಆ ದಿನಗಳ ಹಾಳೆಯನ್ನ ಯಾರೋ ಕತ್ತರಿಸಿದ್ದಾರೆ. ಮಕ್ಕಳ ಜೊತೆ ಅವರಿಗಿದ್ದ ಸ್ನೇಹ, ಅವರು ತೆಗೆದ ಮಕ್ಕಳ ಫೋಟೋಗಳ ಬಗ್ಗೆ ಇವತ್ತಿನ ಓದುಗರು ಕಷ್ಟದ ಪ್ರಶ್ನೆಗಳನ್ನ ಕೇಳ್ತಾರೆ. ಕೇಳಲೇಬೇಕು. ಇಷ್ಟವಾದ ಲೇಖಕ ಅನ್ನೋ ಕಾರಣಕ್ಕೆ ಈ ಭಾಗವನ್ನ ಹಾರಿಸಿ ಬರೆಯೋದು ನಮಗೆ ಸರಿ ಕಾಣಲಿಲ್ಲ.

ಅದೇ ಪುಸ್ತಕದಲ್ಲಿ 'ಜಾಬರ್‌ವಾಕಿ' ಅನ್ನೋ ಪದ್ಯ ಬರುತ್ತೆ. ಅದರ ಮೊದಲ ಚರಣವನ್ನ ಅವರು ಬರೆದದ್ದು 1855ರಲ್ಲಿ, ಮನೆಯ ಕೈಬರಹದ ಪತ್ರಿಕೆಗೆ! ನಿಘಂಟಿನಲ್ಲಿ ಇಲ್ಲದ ಪದಗಳೇ ಅದರ ತುಂಬಾ. ಎರಡು ಪದ ಸೇರಿಸಿ ಒಂದು ಮಾಡೋದು ಅವರ ತಂತ್ರ. ಆ ಪದ್ಯದ 'ಚಾರ್ಟಲ್' ಅನ್ನೋ ನಗು ಈಗ ಇಂಗ್ಲಿಷ್ ನಿಘಂಟುಗಳಲ್ಲೇ ಇದೆ. ಮಾತು ತೊದಲುವ ಮನುಷ್ಯ ಒಂದು ಭಾಷೆಗೆ ಹೊಸ ಮಾತು ಕೊಟ್ಟು ಹೋದರು. ವೈವಾದಲ್ಲಿ ಮಾತು ತಡೆಯುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಈ ಸಾಲು ಅವರಿಗಾಗಿ.

1868ರಲ್ಲಿ ತಂದೆ ತೀರಿಕೊಂಡರು. ಅದು ತಮ್ಮ ಬದುಕಿನ ಅತಿ ದೊಡ್ಡ ಪೆಟ್ಟು ಎಂದು ಅವರು ಕಡೆವರೆಗೂ ಭಾವಿಸಿದ್ದರು. ದೊಡ್ಡ ಮಗನಾಗಿ ಅಕ್ಕತಂಗಿಯರಿಗೆ ಗಿಲ್ಫರ್ಡ್ ಊರಿನಲ್ಲಿ ಮನೆ ಹುಡುಕಿ ಕೊಟ್ಟರು. 1874ರ ಜುಲೈನಲ್ಲಿ ಅಲ್ಲಿಗೆ ಹೋಗಿ ಕಾಯಿಲೆ ಬಿದ್ದಿದ್ದ ಬಂಧು ಹುಡುಗನ ಆರೈಕೆ ಮಾಡುತ್ತಿದ್ದರು. ಒಂದು ಬೆಳಗ್ಗೆ ಗುಡ್ಡದ ಮೇಲೆ ಒಬ್ಬರೇ ನಡೆಯುತ್ತಿದ್ದಾಗ ಪದ್ಯದ ಒಂದು ಸಾಲು ತಲೆಗೆ ಬಂತು. ಅದರ ಅರ್ಥ ಏನು ಅಂತ ಅವರಿಗೇ ಗೊತ್ತಾಗಲಿಲ್ಲ. ಅದನ್ನೇ ಕೊನೆಯ ಸಾಲು ಮಾಡಿಕೊಂಡು ಹಿಂದಕ್ಕೆ ಕಟ್ಟುತ್ತಾ ಹೋದರು. 1876ರಲ್ಲಿ ಅದು 'ದಿ ಹಂಟಿಂಗ್ ಆಫ್ ದಿ ಸ್ನಾರ್ಕ್' ಎಂಬ ದೀರ್ಘ ಹಾಸ್ಯಕಾವ್ಯವಾಯಿತು. ಆ ಹುಡುಗ ಉಳಿಯಲಿಲ್ಲ. ಇಷ್ಟು ನಗಿಸುವ ಪದ್ಯದ ಮೊದಲ ಬೀಜ ಅಂಥ ದಿನಗಳಲ್ಲಿ ಬಿತ್ತು ಅನ್ನೋದು ಗೊತ್ತಾದ ಮೇಲೆ, ತಮಾಷೆ ಪದ್ಯ ಅಂದ್ರೆ ಹಗುರ ಅಂತ ಹೇಳೋಕೆ ನಮಗೆ ಬಾಯಿ ಬರಲಿಲ್ಲ.

ಈಗ ವರ್ಡ್ ಲ್ಯಾಡರ್. 1877ರ ಕ್ರಿಸ್‌ಮಸ್ ದಿನ ಇಬ್ಬರು ಹುಡುಗಿಯರು ಮಾಡೋಕೆ ಏನೂ ಇಲ್ಲ ಅಂದಾಗ ಅವರಿಗಾಗಿ ಮಾಡಿದ ಆಟ ಅದು. ಎರಡು ಪದ ಕೊಡೋದು, ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಿ ಒಂದರಿಂದ ಇನ್ನೊಂದಕ್ಕೆ ಹೋಗೋದು. ನಡುವೆ ಬರುವ ಪ್ರತಿಯೊಂದೂ ನಿಜವಾದ ಪದ ಆಗಿರಬೇಕು. ಇಂಗ್ಲಿಷಿನ 'ಹೆಡ್' ಅನ್ನೋ ಪದದಿಂದ 'ಟೇಲ್' ಅನ್ನೋ ಪದಕ್ಕೆ, ಅಂದ್ರೆ ತಲೆಯಿಂದ ಬಾಲಕ್ಕೆ, ನಡುವೆ ನಾಲ್ಕು ಪದಗಳಲ್ಲಿ ಅವರು ಸೇತುವೆ ಕಟ್ಟಿದ್ದರು. 1879ರ ಮಾರ್ಚ್‌ನಿಂದ ಲಂಡನ್ನಿನ 'ವ್ಯಾನಿಟಿ ಫೇರ್' ವಾರಪತ್ರಿಕೆ 'ಡಬ್ಲೆಟ್ಸ್' ಎಂಬ ಹೆಸರಿನಲ್ಲಿ ಇದರ ಸ್ಪರ್ಧೆಯನ್ನೇ ನಡೆಸಿತು. ನೂರು ವರ್ಷ ದಾಟಿದ ಮೇಲೆ ಡೊನಾಲ್ಡ್ ಕ್ನೂತ್ ಇಂಗ್ಲಿಷಿನ 5757 ಐದಕ್ಷರದ ಪದಗಳನ್ನ ಒಂದು ಗ್ರಾಫ್ ಆಗಿ ಜೋಡಿಸಿದರು. ಪದ ಅಂದ್ರೆ ನೋಡ್, ಒಂದಕ್ಷರದ ವ್ಯತ್ಯಾಸ ಅಂದ್ರೆ ಎಡ್ಜ್. ಬೇಜಾರು ಕಳೆಯೋಕೆ ಹುಟ್ಟಿದ ಆಟ ಪಠ್ಯದ ಒಳಗೆ ಬಂದು ಕೂತಿತು.

ಹಾಗಂತ ಆಟಕ್ಕಾಗಿ ಪಾಠ ಬಿಟ್ಟವರಲ್ಲ. ನಾವು ಪಾಡು ಪಡುವ ಡಿಟರ್ಮಿನೆಂಟ್ ಇದೆಯಲ್ಲ, ಅದಕ್ಕೆ 1866ರಲ್ಲಿ ಅವರು ಕಂಡೆನ್ಸೇಷನ್ ಎಂಬ ವಿಧಾನ ಕೊಟ್ಟರು. ಅಕ್ಕಪಕ್ಕದ ಎರಡೆರಡರ ಚಿಕ್ಕ ಡಿಟರ್ಮಿನೆಂಟ್‌ಗಳನ್ನಷ್ಟೇ ಮಾಡುತ್ತಾ, ಮುಂದಿನ ಹಂತಗಳಲ್ಲಿ ಹಿಂದಿನ ಮ್ಯಾಟ್ರಿಕ್ಸ್‌ನ ಒಳಗಿನ ಸಂಖ್ಯೆಗಳಿಂದ ಭಾಗಿಸುತ್ತಾ ಹೋದರೆ ಪ್ರತಿ ಸಲವೂ ಒಂದು ಸಾಲು, ಒಂದು ಕಂಬ ಕಡಿಮೆಯಾಗಿ ಕೊನೆಗೆ ಒಂದೇ ಸಂಖ್ಯೆ ಉಳಿಯುತ್ತೆ. ಒಳಗೆ ಸೊನ್ನೆ ಬಂದ್ರೆ ಕಷ್ಟ, ಸಾಲುಗಳನ್ನ ಸರಿಸಿ ಮತ್ತೆ ಶುರು ಮಾಡಬೇಕು. ನಮಗೆ ಇದೂ ಪದದೇಣಿಯ ಹಾಗೇ ಕಾಣಿಸಿತು. ಒಂದೊಂದೇ ಚಿಕ್ಕ ಹೆಜ್ಜೆ, ಪ್ರತಿ ಹೆಜ್ಜೆಯೂ ಸರಿ ಇರಬೇಕು.

ಒಂದು ಮಾತು ಮಾತ್ರ ನಮ್ಮನ್ನ ಕಾಡಿತು. ಅವರು ಆ ಎರಡು ಹೆಸರುಗಳನ್ನ ಜೀವನಪೂರ್ತಿ ಬೇರೆಬೇರೆಯಾಗೇ ಇಟ್ಟರು. ಕಾಲೇಜಿಗೆ ಲೆವಿಸ್ ಕ್ಯಾರಲ್ ಹೆಸರಿಗೆ ಬಂದ ಕಾಗದಗಳನ್ನ ತೆಗೆದುಕೊಳ್ಳದೆ ವಾಪಸ್ ಕಳಿಸುತ್ತಿದ್ದರು. ಆಲಿಸ್ ಓದಿ ಖುಷಿಯಾದ ವಿಕ್ಟೋರಿಯಾ ರಾಣಿ ಮುಂದಿನ ಪುಸ್ತಕ ಕಳಿಸಿ ಎಂದಾಗ ಗಣಿತದ ಪುಸ್ತಕ ಹೋಯಿತು ಅನ್ನೋ ಕಥೆಯನ್ನ ಎಲ್ಲರೂ ಹೇಳ್ತಾರೆ. ಅದು ಸುಳ್ಳು ಅಂತ ಅವರೇ ಅಚ್ಚಿನಲ್ಲಿ ಹೇಳಿದ್ದಾರೆ. ಆದ್ರೂ ಆ ಕಥೆ ಸಾಯಲಿಲ್ಲ. ಯಾಕಂದ್ರೆ ಲೆಕ್ಕ ಮತ್ತು ಪದ್ಯ ಒಂದೇ ತಲೆಯಲ್ಲಿ ಇರೋದನ್ನ ಜನ ಈಗಲೂ ತಮಾಷೆ ಅಂತಲೇ ನೋಡ್ತಾರೆ.

ಬರವಣಿಗೆಗೆ ಸಮಯ ಬೇಕೆಂದು 1881ರಲ್ಲಿ ಅವರು ಲೆಕ್ಚರರ್ ಕೆಲಸ ಬಿಟ್ಟರು, ಕಾಲೇಜಿನ ಕೋಣೆಯಲ್ಲೇ ಉಳಿದರು. ನಿದ್ದೆ ಬಾರದ ರಾತ್ರಿ ಬೇಡದ ಯೋಚನೆ ದೂರ ಇಡೋಕೆ ಮನಸ್ಸಿನಲ್ಲೇ ಲೆಕ್ಕ ಬಿಡಿಸುತ್ತಿದ್ದರು. ಅಂಥ 72 ಲೆಕ್ಕಗಳ ಪುಸ್ತಕ 1893ರಲ್ಲಿ ಬಂತು. ಕತ್ತಲಲ್ಲೇ ಬರೆಯೋಕೆ 1891ರಲ್ಲಿ ಒಂದು ಪುಟ್ಟ ಸಾಧನವನ್ನೂ ಮಾಡಿಕೊಂಡಿದ್ದರು. ಬಂದ, ಕಳಿಸಿದ ಕಾಗದಗಳ ಅವರ ಪಟ್ಟಿಯ ಕೊನೆಯ ನಂಬರ್ 98,721. 1898ರ ಜನವರಿ 14ರಂದು ಗಿಲ್ಫರ್ಡ್‌ನ ಅಕ್ಕತಂಗಿಯರ ಮನೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. 66 ತುಂಬೋಕೆ ಎರಡು ವಾರ ಬಾಕಿ ಇತ್ತು.

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕನ್ನಡದಲ್ಲಿ ಬರೆದರೆ ಒತ್ತಕ್ಷರ ತಪ್ಪುತ್ತೆ, ನಗ್ತಾರೆ ಅನ್ನೋ ಹೆದರಿಕೆ ನಮಗೂ ಇದೆ. ಸಿಜಿಪಿಎಗೆ ಒಂದು ಹೆಸರು, ಪದ್ಯಕ್ಕೆ ಇನ್ನೊಂದು ಹೆಸರು ಇಟ್ಕೊಂಡು ಬಚ್ಚಿಟ್ಟುಕೊಳ್ಳೋಣ ಅನ್ಸುತ್ತೆ. ಆದ್ರೆ ಕ್ಯಾರಲ್ ಓದಿದ ಮೇಲೆ ಮೊನ್ನೆ ಮೆಸ್‌ನಲ್ಲಿ ಕೂತು ಕನ್ನಡದ ಏಣಿ ಹತ್ತೋಕೆ ನೋಡಿದ್ವಿ. ಹೊರಗೆ ಮಳೆ ಬರ್ತಿತ್ತು, ಹಾಗಾಗಿ ಅಲ್ಲಿಂದಲೇ ಶುರು. ಮಳೆ. ಒಂದಕ್ಷರ ಬದಲಿಸಿದರೆ ಬಳೆ. ಇನ್ನೊಂದು ಗುಣಿತ ಬದಲಿಸಿದರೆ ಬೆಳೆ. ಎರಡೇ ಹೆಜ್ಜೆಯಲ್ಲಿ ಮಳೆ ಬೆಳೆಯಾಯಿತು! ಆಮೇಲೆ ಆ ಮೂರೂ ಪದ ಇಟ್ಟುಕೊಂಡು ಒಂದು ಪದ್ಯ ಬರೆದ್ವಿ. ನಾಟಿ ಮಾಡುವ ಕೈಗಳ ಬಳೆ ಸದ್ದಿಗೆ ಮಳೆ ನಾಚಿಕೊಂಡು ಗದ್ದೆಗೆ ಇಳಿದು ಬೆಳೆಯಾಗಿ ಎದ್ದು ನಿಂತ ಕಥೆ ಅದು. ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲ. ಕೆಳಗೆ ಮಾತ್ರ ನಮ್ಮ ನಿಜವಾದ ಹೆಸರು, ಯುಎಸ್‌ಎನ್ ಸಮೇತ ಬರೆದ್ವಿ.