ಜಿಪಿಎಸ್ ನಾಸಾದ್ದೇ? ಜನರಲ್ ಶ್ರೀವರ್ ಕಥೆ ಓದಿ

ಮ್ಯಾಪ್ ನೋಡಿ ದಾರಿ ಹುಡುಕುತ್ತೀರಲ್ಲ, ಆ ಜಿಪಿಎಸ್ ನಾಸಾದ ಕೊಡುಗೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಜಿಪಿಎಸ್ ಅಮೆರಿಕದ ಸೇನೆಯದು. ಅದರ ಉಪಗ್ರಹಗಳನ್ನು ಕೊಲೊರಾಡೊದ ಒಂದು ಸೇನಾ ನೆಲೆಯಿಂದ ನಿಯಂತ್ರಿಸುತ್ತಾರೆ. ಆ ನೆಲೆಗೆ ಇಟ್ಟಿರುವುದು ಬರ್ನಾರ್ಡ್ ಶ್ರೀವರ್ ಎಂಬ ವಾಯುಪಡೆಯ ಜನರಲ್ ಹೆಸರು. ಅವರು ಜಿಪಿಎಸ್ ಕಂಡುಹಿಡಿದವರಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇವೆ. ಅವರು ಮಾಡಿದ ಕೆಲಸವೇ ಬೇರೆ.

ಶ್ರೀವರ್ ಹುಟ್ಟಿದ್ದು 1910ರಲ್ಲಿ, ಜರ್ಮನಿಯ ಬ್ರೆಮೆನ್‌ನಲ್ಲಿ. 1917ರಲ್ಲಿ ಅಮೆರಿಕಕ್ಕೆ ಬಂದರು. ಮರುವರ್ಷವೇ ತಂದೆ ಅಪಘಾತದಲ್ಲಿ ತೀರಿಕೊಂಡರು. ತಾಯಿ ಟೆಕ್ಸಾಸ್‌ನ ಗಾಲ್ಫ್ ಮೈದಾನವೊಂದರ ಪಕ್ಕ ಸ್ಯಾಂಡ್‌ವಿಚ್ ಮಾರಿ ಮಕ್ಕಳನ್ನು ಸಾಕಿದರು. ಹುಡುಗ ಎಂಜಿನಿಯರಿಂಗ್ ಓದಿ ಪೈಲಟ್ ಆದ.

1954ರಲ್ಲಿ ಖಂಡಾಂತರ ಕ್ಷಿಪಣಿ ತಯಾರಿಸುವ ಹೊಣೆ ಅವರ ಹೆಗಲಿಗೆ ಬಿತ್ತು. ಆಗ ವಾಯುಪಡೆಯಲ್ಲಿ ಸಂಶೋಧನೆಗೆ ಒಂದು ವಿಭಾಗ, ಖರೀದಿಗೆ ಇನ್ನೊಂದು. ಮನೆ ಕಟ್ಟುವಾಗ ನಕ್ಷೆ ಒಬ್ಬರ ಕೈಲಿ, ಸಿಮೆಂಟ್ ಹಣ ಇನ್ನೊಬ್ಬರ ಕೈಲಿ ಇದ್ದರೆ ಏನಾಗುತ್ತದೆ ಎಂದು ಕಟ್ಟಿದವರಿಗೆ ಗೊತ್ತು! ತನ್ನ ಕೆಲಸದಲ್ಲಿ ಯಾರೂ ಕೈಹಾಕಬಾರದು ಎಂಬ ಷರತ್ತಿನ ಮೇಲೆ ಶ್ರೀವರ್ ಒಪ್ಪಿಕೊಂಡರು. ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ, ಚರ್ಚ್‌ಗೆ ಸೇರಿದ ಹಳೆಯ ಶಾಲೆಯೊಂದರಲ್ಲಿ ಕಚೇರಿ ತೆರೆದರು. ಗುಟ್ಟು ಬಯಲಾಗದಿರಲೆಂದು ಅಧಿಕಾರಿಗಳು ಸಮವಸ್ತ್ರ ಬಿಟ್ಟು ಸಾದಾ ಬಟ್ಟೆಯಲ್ಲಿ ಬರುತ್ತಿದ್ದರು.

ಒಂದಾದ ಮೇಲೊಂದು ಮಾಡುವಷ್ಟು ಸಮಯವಿರಲಿಲ್ಲ. ಹಾಗಾಗಿ ವಿನ್ಯಾಸ, ಪರೀಕ್ಷೆ, ಕಾರ್ಖಾನೆ, ಉಡಾವಣಾ ಕಟ್ಟೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. ಇದು ದುಬಾರಿ ಜೂಜು ಎಂದೇ ನಮಗನಿಸುತ್ತದೆ. 1957ರ ಜನವರಿಯಲ್ಲಿ ಮೊದಲ ಥಾರ್ ರಾಕೆಟ್ ಉಡಾವಣಾ ಕಟ್ಟೆಯಲ್ಲೇ ಸ್ಫೋಟಿಸಿತು. ಅಟ್ಲಾಸ್‌ನ ಮೊದಲ ಎರಡು ಹಾರಾಟಗಳೂ ವಿಫಲ. ಅದೇ ಫೆಬ್ರುವರಿಯಲ್ಲಿ, ಕ್ಷಿಪಣಿ ಕೆಲಸ ಬಾಹ್ಯಾಕಾಶಕ್ಕೂ ದಾರಿ ಎಂದು ಅವರು ಭಾಷಣ ಮಾಡಿದರೆ, ಬಾಹ್ಯಾಕಾಶ ಎಂಬ ಪದವನ್ನೇ ಬಳಸಬೇಡಿ ಎಂದು ವಾಷಿಂಗ್ಟನ್‌ನಿಂದ ಆದೇಶ ಬಂತು. ಅಕ್ಟೋಬರ್‌ನಲ್ಲಿ ಸೋವಿಯತ್ತರ ಸ್ಪುಟ್ನಿಕ್ ಹಾರಿತು!

ಆಮೇಲೆ ಸಿಐಎ ಜೊತೆಗೂಡಿ ಗೂಢಚಾರ ಉಪಗ್ರಹದ ಯೋಜನೆ. ಒಂದರ ಹಿಂದೊಂದು 12 ಪ್ರಯತ್ನಗಳು ಕೈಕೊಟ್ಟವು. ಕೊನೆಗೆ 1960ರ ಆಗಸ್ಟ್‌ನಲ್ಲಿ, ಪ್ಯಾರಾಶೂಟ್‌ನಲ್ಲಿ ಇಳಿಯುತ್ತಿದ್ದ ಫಿಲ್ಮ್ ಡಬ್ಬಿಯನ್ನು ವಿಮಾನವೊಂದು ಪೆಸಿಫಿಕ್ ಸಾಗರದ ಮೇಲೆ ಗಾಳಿಯಲ್ಲೇ ಹಿಡಿಯಿತು. ಸೋವಿಯತ್ತರ ಹತ್ತಿರ ಹೆಚ್ಚು ಕ್ಷಿಪಣಿಗಳಿವೆ ಎಂಬ ಭಯ ಆಗ ಅಮೆರಿಕದಲ್ಲಿ ಮನೆಮಾತಾಗಿತ್ತು. ಅದು ಸುಳ್ಳೆಂದು ತೋರಿಸಿದ್ದು ಇಂಥ ಉಪಗ್ರಹಗಳ ಚಿತ್ರಗಳೇ.

1961ರ ಏಪ್ರಿಲ್ 1ರಂದು ವಾಯುಪಡೆ ತನ್ನ ಸಂಶೋಧನೆ ಮತ್ತು ಹೊಸ ಶಸ್ತ್ರಗಳ ಖರೀದಿಯನ್ನು ಒಂದೇ ಕಮಾಂಡ್‌ಗೆ ತಂದಿತು. ಮುಖ್ಯಸ್ಥ ಶ್ರೀವರ್. ಕ್ಷಿಪಣಿ, ಉಪಗ್ರಹ, ಉಡಾವಣೆ ಎಲ್ಲಕ್ಕೂ ಈಗ ಒಂದೇ ಕಡೆಯ ಸಹಿ ಸಾಕಿತ್ತು. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಿದ್ದೂ ಅಣುಬಾಂಬ್ ಹೊರಲೆಂದು ಮಾಡಿದ್ದ ಅಟ್ಲಾಸ್ ರಾಕೆಟ್ ಮೇಲೆಯೇ.

1966ರಲ್ಲಿ ನಿವೃತ್ತರಾದ ಶ್ರೀವರ್ 2005ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಟ್ಟಿದ ಕಮಾಂಡ್ 1992ರಲ್ಲಿ ಇನ್ನೊಂದರಲ್ಲಿ ವಿಲೀನವಾಯಿತು. ಅಷ್ಟರೊಳಗೆ, 1978ರಲ್ಲಿ ಮೊದಲ ಜಿಪಿಎಸ್ ಉಪಗ್ರಹವನ್ನು ಮೇಲಕ್ಕೆ ಕಳಿಸಿದ್ದು ಸೇವೆಯಿಂದ ತೆಗೆದು ದುರಸ್ತಿ ಮಾಡಿದ ಅವರ ಕಾಲದ ಒಂದು ಅಟ್ಲಾಸ್ ಕ್ಷಿಪಣಿ. 2021ರಲ್ಲಿ ಅಮೆರಿಕದ ಬಾಹ್ಯಾಕಾಶ ಪಡೆ ಖರೀದಿ ಮತ್ತು ಉಡಾವಣೆಯನ್ನು ಮತ್ತೆ ಒಂದೇ ಕಮಾಂಡ್‌ಗೆ ಸೇರಿಸಿತು. ಅದರ ಕಚೇರಿ ಇರುವುದು ಆ ಹಳೆಯ ಶಾಲೆಯಿಂದ ಸ್ವಲ್ಪವೇ ದೂರದಲ್ಲಿ.