ತಿಳಿದದ್ದನ್ನು ಹಂಚಿ ಕೆಲಸ ನಡೆಸಿದ ವಿಶ್ವೇಶ್ವರಯ್ಯನವರು

ನಮ್ಮ ಊರುಗಳಲ್ಲಿ ಒಂದು ಮಾತನ್ನು ಆಗಾಗ ಕೇಳುತ್ತೇವೆ. ಇಂಥ ಹಿರಿಯರು ಇರುವವರೆಗೆ ಸಂಘ ಚೆನ್ನಾಗಿ ನಡೆಯಿತು, ಅವರು ಲಿಂಗೈಕ್ಯರಾದ ಮೇಲೆ ಎಲ್ಲವೂ ನಿಂತುಹೋಯಿತು ಎಂದು. ಕೆರೆಯ ನೀರಿನ ಸರದಿ ಅವರ ತಲೆಯಲ್ಲಿತ್ತು, ಅಂಗಡಿಯ ಉದ್ದರಿಯ ಲೆಕ್ಕ ಅವರ ನೆನಪಿನಲ್ಲಿತ್ತು, ಯಾವ ಕಾಗದ ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಇದನ್ನು ನಾವು ಆ ಹಿರಿಯರ ಹೊಗಳಿಕೆಯೆಂದು ಆಡುತ್ತೇವೆ. ಆದರೆ ತಾವು ಇಲ್ಲದಾಗಲೂ ಕೆಲಸ ನಡೆಯುವಂತೆ ಮಾಡಿಹೋಗುವುದು ಅದಕ್ಕಿಂತ ದೊಡ್ಡ ಹಿರಿತನವಲ್ಲವೆ? ಈ ವಿಚಾರವನ್ನು ಮುಂದಿಟ್ಟುಕೊಂಡು ಸರ್ ಎಂ. ವಿಶ್ವೇಶ್ವರಯ್ಯನವರ ಬಾಳನ್ನು ನೋಡುವುದು ಈ ಲೇಖನದ ಉದ್ದೇಶ. ಅವರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅವರು ಜನರನ್ನು ಕೂಡಿಸಿಕೊಂಡು ಕೆಲಸ ಮಾಡಿದ ರೀತಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಅವರ ಜನ್ಮದಿನವನ್ನು 1861ರ ಸೆಪ್ಟೆಂಬರ್ 15 ಎಂದು ಎಣಿಸುವುದು ರೂಢಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮನೆಯಲ್ಲಿ ಅನುಕೂಲವಿರಲಿಲ್ಲ. ಬೆಂಗಳೂರಿನಲ್ಲಿ ಸ್ಥಿತಿವಂತರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಕೆಲಸಕ್ಕೆ ಸೇರಿದ ಆರಂಭದಲ್ಲಿಯೇ ಖಾನದೇಶದ ದಾತರ್ತಿ ಎಂಬಲ್ಲಿ ಹೊಳೆಯ ಅಡಿಯಿಂದ ನೀರಿನ ಕೊಳವೆ ಹಾಯಿಸುವ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲ ಶುರುವಾಗಿ ಹೊಳೆ ತುಂಬಿತು, ಹಾಕಿದ ಕೆಲಸ ಮರಳಿನಲ್ಲಿ ಹೂತುಹೋಗತೊಡಗಿತು. ಮಳೆ ನಿಂತ ಮೇಲೆ ಮುಂದುವರಿಸೋಣವೆಂದು ಅವರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿ ಅದನ್ನು ಹಿಂಜರಿಕೆ ಎಂದು ತಿಳಿದು ಕಟುವಾಗಿ ಉತ್ತರಿಸಿದರು. ಯುವಕ ವಿಶ್ವೇಶ್ವರಯ್ಯನವರು ವಾದಕ್ಕೆ ನಿಲ್ಲದೆ ಸ್ಥಳಕ್ಕೆ ಹಿಂತಿರುಗಿ, ಹೊಳೆಯ ಕಾಟವನ್ನು ಸಹಿಸಿ, ಕೆಲಸ ಮುಗಿಸಿಯೇ ಬಂದರು. ಅಧಿಕಾರಿಯೂ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಕಂಡದ್ದನ್ನು ಮೊದಲು ಸ್ಪಷ್ಟವಾಗಿ ಬರೆದು ತಿಳಿಸುವುದು, ಬಳಿಕ ವಹಿಸಿದ ಕೆಲಸವನ್ನು ಪೂರೈಸುವುದು: ಈ ಎರಡು ಗುಣಗಳು ಅವರಲ್ಲಿ ಕೊನೆಯವರೆಗೂ ಉಳಿದವು.

ಮುಂದೆ ಪುಣೆಯ ಭಾಗದಲ್ಲಿ ಕಾಲುವೆಗಳ ಹೊಣೆ ಅವರಿಗೆ ಬಂತು. ನೀರಾ ಕಾಲುವೆಯ ಕೆಳಗೆ ಕಬ್ಬು ಬೆಳೆಯುವವರ ಕಥೆಯನ್ನು ನಮ್ಮ ಸೊಲ್ಲಾಪುರದ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ಬೇಕಾದಷ್ಟು ನೀರು ಹಾಯಿಸಿಕೊಳ್ಳುತ್ತಿದ್ದರು, ಕಾಲುವೆಯ ತುದಿಯವರಿಗೆ ನೀರು ಮುಟ್ಟುತ್ತಿರಲಿಲ್ಲ. ಅತಿ ನೀರಿನಿಂದ ಭೂಮಿ ಜವುಗಾಗುತ್ತಿತ್ತು, ಸೊಳ್ಳೆ ಹೆಚ್ಚಿ ಮಲೇರಿಯಾ ಹರಡುತ್ತಿತ್ತು. ಇದಕ್ಕೆ ಅವರು ಕಂಡುಕೊಂಡ ಉಪಾಯ ಬ್ಲಾಕ್ ಪದ್ಧತಿ. ಊರಿನ ಭೂಮಿಯನ್ನು ಬ್ಲಾಕುಗಳಾಗಿ ಮಾಡಿ, ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಪೈರು, ವರ್ಷದಿಂದ ವರ್ಷಕ್ಕೆ ಬೆಳೆಯ ಬದಲಾವಣೆ, ನೀರಿಗೆ ಗೊತ್ತಾದ ಸರದಿ. ಇದರಿಂದ ಅಷ್ಟೇ ನೀರು ಹೆಚ್ಚು ಜನರಿಗೆ ಸಲ್ಲುತ್ತದೆ ಎಂಬುದು ಅವರ ಲೆಕ್ಕ.

ರೈತರು ಮೊದಲು ಒಪ್ಪಲಿಲ್ಲ. ಇದು ಸರ್ಕಾರ ನೀರನ್ನು ಕಿತ್ತುಕೊಳ್ಳುವ ಹೂಟವೆಂದು ಸಭೆಗಳಾದವು. ಹುಕುಂ ಹೊರಡಿಸಿ ಜಾರಿ ಮಾಡುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇತ್ತು. ಅವರು ಹಾಗೆ ಮಾಡದೆ ರೈತರನ್ನು ಕೂಡಿಸಿ, ಪದ್ಧತಿಯನ್ನು ಬಿಡಿಸಿ ಹೇಳಿದರು. ಕೆಲವೆಡೆ ನಡೆಸಿ ತೋರಿಸಿದ ಮೇಲೆ ವಿರೋಧ ಇಳಿಯಿತು. ತಿಳಿವಳಿಕೆಯಿಲ್ಲದೆ ಹೇರಿದ ಕಟ್ಟಳೆ ಅಧಿಕಾರಿಯ ಕಣ್ಣು ತಪ್ಪಿದ ಕೂಡಲೇ ಮುರಿಯುತ್ತದೆ. ಕಾರಣ ತಿಳಿದು ಒಪ್ಪಿಕೊಂಡ ಕಟ್ಟಳೆಯನ್ನು ರೈತನೇ ಕಾಯುತ್ತಾನೆ. ಕೆರೆ ಕಾಲುವೆಗಳ ಸರದಿಯಲ್ಲಿ ನಾವೂ ಇದನ್ನು ಕಂಡಿದ್ದೇವೆ.

ಇದೇ ಕಾಲದಲ್ಲಿ, 1903ರ ಹೊತ್ತಿಗೆ, ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ನೀರು ಒಂದು ಮಟ್ಟಕ್ಕೆ ಏರಿದೊಡನೆ ಬಾಗಿಲು ತಾನಾಗಿ ತೆರೆಯುತ್ತದೆ, ಇಳಿದೊಡನೆ ತಾನಾಗಿ ಮುಚ್ಚುತ್ತದೆ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯವಿದು. ಇದಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಆದರೆ ತಾವು ಸರ್ಕಾರದ ನೌಕರಿಯಲ್ಲಿ ಇದ್ದು ಮಾಡಿದ ಕೆಲಸವಾದ್ದರಿಂದ ಅದರ ಮೇಲೆ ಹಣ ಪಡೆಯುವುದು ಸರಿಯಲ್ಲವೆಂದು ಬಿಟ್ಟುಕೊಟ್ಟರು. ಮುಂದೆ ಗ್ವಾಲಿಯರ್ ಸಂಸ್ಥಾನದಲ್ಲಿಯೂ ಕನ್ನಂಬಾಡಿಯಲ್ಲಿಯೂ ಇಂಥ ಬಾಗಿಲುಗಳು ಬಂದವು. ವ್ಯಾಪಾರಿಗಳಾದ ನಮ್ಮ ಬಂಧುಗಳು ಇದರ ಬೆಲೆಯನ್ನು ಸುಲಭವಾಗಿ ಅಳೆಯಬಲ್ಲರು.

1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸದಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಗರದ ದೊಡ್ಡ ಭಾಗ ನೆಲಸಮವಾಯಿತು. ತೆಲಂಗಾಣದ ಕಡೆಯ ನಮ್ಮ ಹಿರಿಯರ ಬಾಯಲ್ಲಿ ಈ ಪ್ರವಾಹದ ಮಾತು ಬಹುಕಾಲ ಉಳಿದಿತ್ತು. ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದಾಗ ಮೊದಲು ಮಾಡಿದ್ದು ಲೆಕ್ಕ ಕೂಡಿಸುವ ಕೆಲಸ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ನೀರು ಯಾವ ದಾರಿಯಲ್ಲಿ ಬಂತು ಎಂದು ಪರಿಶೀಲಿಸಿದರು. ಮೂಸಿಗೆ ನೀರು ಹರಿದು ಬರುವ ಪ್ರದೇಶದಲ್ಲಿ ಎಂಟುನೂರರ ಹತ್ತಿರ ಕೆರೆಗಳಿದ್ದವು, ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತ ಬಂದು ನಗರದ ಮೇಲೆ ಬಿದ್ದಿತ್ತು.

ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಎರಡು ಜಲಾಶಯಗಳನ್ನು ಕಟ್ಟಬೇಕೆಂದು ಅವರು ವರದಿ ಬರೆದುಕೊಟ್ಟರು. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟುಹೋದರು. ಆ ಎರಡು ಜಲಾಶಯಗಳನ್ನು ಅವರು ನಿಂತು ಕಟ್ಟಲಿಲ್ಲ. ನವಾಬ್ ಅಲಿ ನವಾಜ್ ಜಂಗ್ ಬಹಾದೂರರಂಥ ಆ ಸಂಸ್ಥಾನದ ಎಂಜಿನಿಯರುಗಳು ಕಟ್ಟಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಮುಂದೆ ದಶಕಗಳ ಕಾಲ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಇನ್ನೊಬ್ಬರು ಓದಿ ನಡೆಸಬಹುದಾದ ಹಾಗೆ ಬರೆದಿಟ್ಟದ್ದರಿಂದಲೇ ಇದು ಸಾಧ್ಯವಾಯಿತು.

ಮೈಸೂರಿಗೆ ಬಂದ ಮೇಲೆ ಅವರ ಮುಂದಿದ್ದದ್ದು ಕಾವೇರಿಯ ಪ್ರಶ್ನೆ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. ಮಂಡ್ಯದ ಕಡೆಯ ಬಯಲು ಮಳೆಯನ್ನೇ ನಂಬಿ ಕುಳಿತಿತ್ತು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿದರೆ ಎರಡಕ್ಕೂ ಪರಿಹಾರವಾಗುತ್ತದೆಂದು ಅವರು ಯೋಜನೆ ಮಾಡಿದರು. ಇಷ್ಟೊಂದು ಹಣವನ್ನು ಎಲ್ಲಿಂದ ತರುವುದೆಂದು ಸರ್ಕಾರದಲ್ಲಿಯೇ ಅಳುಕು ಇತ್ತು. ಮದರಾಸು ಸರ್ಕಾರ ಆಕ್ಷೇಪಣೆ ಎತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಿಂದ 1911ರಲ್ಲಿ ಕೆಲಸ ಆರಂಭವಾಯಿತು. ಮೊದಲ ಹಂತಕ್ಕೆ ಮಾತ್ರ ಒಪ್ಪಿಗೆ ಇದ್ದರೂ ಮುಂದೆ ಎತ್ತರಿಸಲು ಆಗುವಂತೆ ತಳಪಾಯವನ್ನು ಅಗಲವಾಗಿಯೇ ಹಾಕಲಾಯಿತು. ಸಿಮೆಂಟು ಆಗ ಹೊರದೇಶದಿಂದ ಬರಬೇಕಾಗಿದ್ದರಿಂದ ಇಟ್ಟಿಗೆಯ ಪುಡಿ ಮತ್ತು ಸುಣ್ಣದ ಸುರ್ಕಿ ಗಾರೆಯನ್ನೇ ಬಳಸಿದರು. ಈ ಗಾರೆಯ ಹದ ಬಲ್ಲವರು ಊರ ಗಾರೆ ಕೆಲಸದವರು. ಎಂಜಿನಿಯರುಗಳ ಲೆಕ್ಕ, ಕಲ್ಲುಕುಟಿಗರ ಕೈ, ಸಾವಿರಾರು ಕೂಲಿಕಾರರ ಬೆವರು ಕೂಡಿ ಆ ಕಟ್ಟೆ ಎದ್ದಿತು. ನೀರಿನಲ್ಲಿ ಮುಳುಗಿದ ಹಳ್ಳಿಗಳ ರೈತರು ತಮ್ಮ ಮನೆ ಹೊಲಗಳನ್ನು ಬಿಟ್ಟು ಎದ್ದುಹೋದದ್ದನ್ನೂ ನಾವು ಮರೆಯಲಾಗದು.

1912ರಲ್ಲಿ ಅವರು ದಿವಾನರಾದರು. ಅದಕ್ಕೂ ಮೊದಲೇ, 1911ರಲ್ಲಿ, ಅವರ ಸಲಹೆಯಂತೆ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಅಧಿಕಾರಿಗಳ ಜೊತೆಗೆ ವ್ಯಾಪಾರಿಗಳು, ಜಮೀನುದಾರರು ಮೊದಲಾದವರು ಕುಳಿತು ಬೇಸಾಯ, ಕೈಗಾರಿಕೆ, ವಿದ್ಯೆಗಳ ಬಗ್ಗೆ ವಿಚಾರ ಮಾಡುವ ವ್ಯವಸ್ಥೆ ಅದು. ಜಿಲ್ಲೆ ತಾಲ್ಲೂಕುಗಳಲ್ಲಿಯೂ ಸಮಿತಿಗಳಾದವು. ಊರಿನ ಅನುಭವ ಮೇಲಕ್ಕೆ ಬರಬೇಕು, ಹೊಸ ತಿಳಿವಳಿಕೆ ಊರಿಗೆ ಇಳಿಯಬೇಕು ಎಂಬುದು ಅದರ ಗುರಿ. 1913ರ ಮೈಸೂರು ಬ್ಯಾಂಕು, 1915ರ ಕನ್ನಡ ಸಾಹಿತ್ಯ ಪರಿಷತ್ತುಗಳ ಹುಟ್ಟಿನ ಹಿಂದೆ ಈ ಸಮ್ಮೇಳನದ ಚರ್ಚೆಗಳಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹಳ್ಳಿಗಳಲ್ಲಿ ಶಾಲೆಗಳು ಹೆಚ್ಚಿದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಕಾಲದಲ್ಲಿ ಸರ್ಕಾರದ ಹುದ್ದೆಗಳು ಹೆಚ್ಚಾಗಿ ಒಂದೇ ಸಮುದಾಯದವರ ಕೈಯಲ್ಲಿದ್ದವು. ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಮೊದಲಾದವರು ತಮಗೂ ಪಾಲು ಬೇಕೆಂದು ಕೇಳಿದರು. ಮಹಾರಾಜರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು, ಹಿಂದುಳಿದವರಿಗೆ ವಿದ್ಯೆ ಕೊಟ್ಟರೆ ಸಾಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯದಿಂದ ಅವರು ಆ ವರ್ಷದ ಕೊನೆಗೆ ದಿವಾನಗಿರಿಯನ್ನು ಬಿಟ್ಟರು. ಅವರ ಪ್ರಾಮಾಣಿಕತೆಯಲ್ಲಿ ನಮಗೆ ಸಂಶಯವಿಲ್ಲ. ಆದರೆ ಪಾಲು ಕೇಳಿದವರ ಮಾತಿನಲ್ಲಿಯೂ ನ್ಯಾಯವಿತ್ತು. ತಿಳಿವಳಿಕೆಯನ್ನು ಹಂಚಿದರಷ್ಟೇ ಸಾಲದು, ತೀರ್ಮಾನ ಮಾಡುವ ಜಾಗದಲ್ಲಿಯೂ ಎಲ್ಲರಿಗೂ ಸ್ಥಾನವಿರಬೇಕು. ದೊಡ್ಡವರ ಬಾಳನ್ನು ಓದುವಾಗ ಅವರ ಮಾತು ಮುಗಿಯುವ ಎಲ್ಲೆ ಎಲ್ಲಿದೆ ಎಂಬುದನ್ನೂ ಅರಿಯಬೇಕು.

ಅವರು ಅಧಿಕಾರ ಬಿಟ್ಟಾಗ ಕನ್ನಂಬಾಡಿ ಕಟ್ಟೆ ಮುಗಿದಿರಲಿಲ್ಲ. ಮದರಾಸಿನ ಜೊತೆಗಿನ ತಕರಾರಿಗೆ ಒಪ್ಪಂದವಾದದ್ದು 1924ರಲ್ಲಿ. ಮುಂದಿನ ದಿವಾನರು, ಮುಂದಿನ ಎಂಜಿನಿಯರುಗಳು ಕೆಲಸ ನಡೆಸಿದರು. 1930ರ ದಶಕದ ಆರಂಭಕ್ಕೆ ಕಟ್ಟೆ ಪೂರ್ಣವಾಗಿ, ಕಾಲುವೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಾಯಿತು. ಒಬ್ಬರ ತಲೆಯಲ್ಲಿ ಮಾತ್ರ ಇದ್ದ ಯೋಜನೆಯಾಗಿದ್ದರೆ ಆ ಕಟ್ಟೆ 1918ರಲ್ಲಿಯೇ ಅರ್ಧಕ್ಕೆ ನಿಲ್ಲುತ್ತಿತ್ತು. ನಕ್ಷೆ, ಅಂದಾಜು, ಟಿಪ್ಪಣಿಗಳು ಕಚೇರಿಯಲ್ಲಿದ್ದವು. ಅವನ್ನು ಓದಿ ನಡೆಸಬಲ್ಲವರು ಇದ್ದರು.

ಅವರು ಸುಮ್ಮನೆ ಕುಳಿತವರಲ್ಲ. 1923ರಿಂದ ಕೆಲವು ವರ್ಷ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಸುಸ್ಥಿತಿಗೆ ತರಲು ದುಡಿದರು. ಅದರಿಂದ ತಮಗೆ ಸಲ್ಲಬೇಕಾದ ಹಣವನ್ನು ಯುವಕರಿಗೆ ಕಸಬು ಕಲಿಸುವ ಶಾಲೆಗೆ ಬಳಸಬೇಕೆಂದು ಕೇಳಿಕೊಂಡರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ ಮೂಲ ಇದೇ. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಬಂತು. 1962ರ ಏಪ್ರಿಲ್ ತಿಂಗಳಿನಲ್ಲಿ, ನೂರು ವರ್ಷ ತುಂಬಿದ ಮೇಲೆ, ನಿಧನರಾದರು.

ಬಂಧುಗಳೆ, ನಾವು ಅಣೆಕಟ್ಟು ಕಟ್ಟುವವರಲ್ಲ. ಆದರೆ ನಮ್ಮಲ್ಲಿ ನೀರಾವರಿ ಸಂಘಗಳಿವೆ, ಪತ್ತಿನ ಸಂಘಗಳಿವೆ, ಅಡತಿ ಅಂಗಡಿಗಳಿವೆ, ದಾಸೋಹದ ಸಮಿತಿಗಳಿವೆ. ಕೀರ್ದಿ ಪುಸ್ತಕ ಒಬ್ಬರ ಮನೆಯ ಗೂಟಕ್ಕೆ ತೂಗದೆ ಸಂಘದ ಕಪಾಟಿನಲ್ಲಿರಲಿ. ನೀರಿನ ಸರದಿ ಗೋಡೆಯ ಮೇಲೆ ಬರೆದಿರಲಿ. ಪ್ರತಿ ಹಿರಿಯರ ಪಕ್ಕದಲ್ಲಿ ಕೆಲಸ ಕಲಿಯುವ ಇಬ್ಬರು ಕಿರಿಯರು ಕುಳಿತಿರಲಿ, ಅವರಲ್ಲಿ ಒಬ್ಬಳು ಹೆಣ್ಣುಮಗಳೂ ಇರಲಿ. ಗಡಿಯಾಚೆ ಇರುವ ನಮಗೆ ಸಂಘಸಂಸ್ಥೆಗಳೇ ಆಸರೆ. ಅವು ಒಬ್ಬರ ಆಯುಷ್ಯಕ್ಕಷ್ಟೇ ಕಟ್ಟುಬಿದ್ದರೆ ನಮಗೆ ಉಳಿಯುವುದು ಬರಿಯ ನೆನಪು. ಈ ವರ್ಷದ ವಾರ್ಷಿಕ ಸಭೆಯಲ್ಲಿ ಪ್ರತಿಯೊಂದು ಸಂಘವೂ ಇದೊಂದನ್ನು ವಿಚಾರ ಮಾಡಲಿ: ನಾಳೆ ಅಧ್ಯಕ್ಷರು ಬರದಿದ್ದರೆ ಕೆಲಸ ನಡೆಯುತ್ತದೆಯೆ?