ಎಂ.ಎನ್. ಶ್ರೀನಿವಾಸ್: ಸಂಶೋಧನವೇತನ, ಕ್ಷೇತ್ರಕಾರ್ಯ ಮತ್ತು ಒಂದು ಶಾಸ್ತ್ರದ ಬೆಳವಣಿಗೆ

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರ ಬದುಕನ್ನು ಅವರು ರೂಪಿಸಿದ ಪರಿಕಲ್ಪನೆಗಳ ಮೂಲಕ ನಿರೂಪಿಸುವುದು ವಾಡಿಕೆ. ಸಂಸ್ಕೃತೀಕರಣ, ಪ್ರಬಲ ಜಾತಿ, ಮತಬ್ಯಾಂಕು ಎಂಬ ಪದಗಳು ಇಂದು ಸಮಾಜಶಾಸ್ತ್ರದ ಎಲ್ಲೆಯನ್ನು ದಾಟಿ ಸಾಹಿತ್ಯ ವಿಮರ್ಶೆಯಲ್ಲಿಯೂ ದಿನಪತ್ರಿಕೆಗಳ ಭಾಷೆಯಲ್ಲಿಯೂ ನೆಲೆಯೂರಿವೆ. ಆದರೆ ಈ ಪರಿಕಲ್ಪನೆಗಳು ಗ್ರಂಥಾಲಯದಲ್ಲಿ ಹುಟ್ಟಿದವಲ್ಲ. ಕೊಡಗಿನ ಒಕ್ಕಗಳ ನಡುವೆ, ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕಳೆದ ದೀರ್ಘ ಕಾಲದ ಫಲವಾಗಿ ಅವು ಮೂಡಿದವು. ಆ ಕಾಲವನ್ನು ಒದಗಿಸಿಕೊಟ್ಟವರು ಯಾರು, ಯಾವ ವ್ಯವಸ್ಥೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಅವರ ಜೀವನ ಬೇರೊಂದು ಅರ್ಥವನ್ನು ಪಡೆಯುತ್ತದೆ. ಮಾನವಶಾಸ್ತ್ರ ಮತ್ತು ಪುರಾತತ್ತ್ವಗಳಂಥ ಕ್ಷೇತ್ರಾಧಾರಿತ ಶಾಸ್ತ್ರಗಳಲ್ಲಿ ಸಂಶೋಧನ ವಿದ್ಯಾರ್ಥಿಗೆ ದೊರೆಯುವ ಆರ್ಥಿಕ ನೆರವು ಕೇವಲ ಜೀವನೋಪಾಯವಲ್ಲ, ಅದು ಶಾಸ್ತ್ರದ ಸ್ವರೂಪವನ್ನೇ ನಿರ್ಧರಿಸುತ್ತದೆ ಎಂಬುದಕ್ಕೆ ಶ್ರೀನಿವಾಸ್ ಅವರ ಬದುಕು ಒಂದು ನಿದರ್ಶನ.

ಶ್ರೀನಿವಾಸ್ ಜನಿಸಿದ್ದು 1916ರ ನವೆಂಬರ್ 16ರಂದು, ಮೈಸೂರಿನ ಅಯ್ಯಂಗಾರ್ ಕುಟುಂಬವೊಂದರಲ್ಲಿ. ಮಕ್ಕಳ ವಿದ್ಯಾಭ್ಯಾಸದ ದೃಷ್ಟಿಯಿಂದ ಹಳ್ಳಿಯನ್ನು ಬಿಟ್ಟು ನಗರ ಸೇರಿದ ಕುಟುಂಬ ಅದು. ಅವರ ಮನೆ ಇದ್ದ ಕಾಲೇಜು ರಸ್ತೆಯ ಹಿಂಬದಿಗೆ ಕುರುಬರು ವಾಸಿಸುತ್ತಿದ್ದ ಬಂಡಿಕೇರಿ ಇತ್ತು. ಕೆಲವೇ ಹೆಜ್ಜೆಗಳ ಅಂತರದಲ್ಲಿ ಆಹಾರ, ಆಚಾರ, ಮಾತಿನ ಧಾಟಿ, ದೈವಗಳು ಎಲ್ಲವೂ ಬೇರೆಯಾಗಿರುವ ಲೋಕವೊಂದು ಬಾಲಕನಿಗೆ ಗೋಚರಿಸಿತು. ತಮ್ಮ ನಾಡಿನೊಳಗೇ ಇರುವ ಅನ್ಯತೆಯ ಈ ಮೊದಲ ಅನುಭವವನ್ನು ಅವರು ತಮ್ಮ ಬೌದ್ಧಿಕ ಬದುಕಿನ ಮುಖ್ಯ ಘಟನೆಗಳಲ್ಲಿ ಒಂದೆಂದು ಮುಂದೆ ಗುರುತಿಸಿಕೊಂಡರು.

ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ವಿಷಯವಾಗಿ ಆರಿಸಿಕೊಂಡು ಆನರ್ಸ್ ಪದವಿ ಪಡೆದ ಅವರು 1936ರಲ್ಲಿ ಮುಂಬಯಿಗೆ ತೆರಳಿದರು. ಅದೇ ವರ್ಷ ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡುವುದು ಉಪಯುಕ್ತ. ಮೈಸೂರು ಸಂಸ್ಥಾನದಲ್ಲಿ ಶಾಸನ ಮತ್ತು ಪುರಾತತ್ತ್ವದ ಅಧ್ಯಯನಕ್ಕೆ ಬಿ.ಎಲ್. ರೈಸ್ ಅವರ ಕಾಲದಿಂದಲೂ ಸರ್ಕಾರದ ಇಲಾಖೆಯೊಂದರ ಆಸರೆ ಇತ್ತು. ಜನಸಮುದಾಯಗಳ ಅಧ್ಯಯನಕ್ಕೂ ಸಂಸ್ಥಾನ ಹಣ ವೆಚ್ಚ ಮಾಡಿತ್ತು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಕುರಿತ ಸಂಪುಟಗಳು ಇದರ ಫಲ. ಆದರೆ ಇವು ಅಧಿಕಾರಿಗಳೂ ನಿಯುಕ್ತ ವಿದ್ವಾಂಸರೂ ನಡೆಸಿದ ಸಮೀಕ್ಷೆಗಳು. ಪದವಿ ಮುಗಿಸಿದ ತರುಣನೊಬ್ಬ ತನ್ನದೇ ಪ್ರಶ್ನೆಯನ್ನು ಹಿಡಿದು ಕೆಲವು ವರ್ಷ ಜನರ ನಡುವೆ ಇರುವುದಕ್ಕೆ ಬೇಕಾದ ಏರ್ಪಾಡು ಇವುಗಳಿಗಿಂತ ಭಿನ್ನವಾದದ್ದು. ಅಂಥದೊಂದು ಏರ್ಪಾಡು ಶ್ರೀನಿವಾಸ್ ಅವರಿಗೆ ದೊರೆತದ್ದು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ.

ಅಲ್ಲಿನ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಜಿ.ಎಸ್. ಘುರ್ಯೆ ಅವರು ಸ್ವತಃ ವಿದ್ಯಾರ್ಥಿವೇತನದ ಫಲವಾಗಿ ರೂಪುಗೊಂಡ ವಿದ್ವಾಂಸರು. 1919ರಲ್ಲಿ ಆ ವಿಭಾಗವನ್ನು ಆರಂಭಿಸಿದ ಪ್ಯಾಟ್ರಿಕ್ ಗೆಡ್ಡಿಸ್ ಅವರು ಸಂಸ್ಕೃತ ವಿದ್ಯಾರ್ಥಿಯಾಗಿದ್ದ ಘುರ್ಯೆ ಅವರನ್ನು ಗುರುತಿಸಿ, ವಿದೇಶದಲ್ಲಿ ಸಮಾಜಶಾಸ್ತ್ರ ಕಲಿಯಲು ವಿಶ್ವವಿದ್ಯಾನಿಲಯದ ನೆರವು ದೊರೆಯುವಂತೆ ಶಿಫಾರಸು ಮಾಡಿದ್ದರು. ಘುರ್ಯೆ ಕೇಂಬ್ರಿಜ್‌ನಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರ ಬಳಿ ಅಧ್ಯಯನ ಮಾಡಿ ಹಿಂದಿರುಗಿ, 1924ರಿಂದ ಮುಂಬಯಿ ವಿಭಾಗವನ್ನು ಕಟ್ಟಿದರು. ಒಬ್ಬ ವಿದ್ಯಾರ್ಥಿಗೆ ನೀಡಿದ ನೆರವು ಹೀಗೆ ಒಂದು ವಿಭಾಗವಾಗಿ, ಆ ವಿಭಾಗ ಮುಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಆಸರೆಯಾಗಿ ಬೆಳೆಯಿತು.

ಸ್ನಾತಕೋತ್ತರ ಪದವಿಗಾಗಿ ಶ್ರೀನಿವಾಸ್ ಸಿದ್ಧಪಡಿಸಿದ ಪ್ರಬಂಧ ಮೈಸೂರಿನ ವಿವಾಹ ಮತ್ತು ಕುಟುಂಬ ವ್ಯವಸ್ಥೆಯನ್ನು ಕುರಿತದ್ದು. 1942ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು. ಬಹುಮಟ್ಟಿಗೆ ಆಗಲೇ ಮುದ್ರಿತವಾಗಿದ್ದ ಸಾಮಗ್ರಿಯನ್ನು ಆಧರಿಸಿದ ಕೃತಿ ಅದು. ಅನಂತರ ಸಂಶೋಧನ ವಿದ್ಯಾರ್ಥಿವೇತನ ಪಡೆದು ಘುರ್ಯೆ ಅವರ ಸಲಹೆಯ ಮೇರೆಗೆ ಕೊಡಗಿನ ಅಧ್ಯಯನವನ್ನು ಕೈಗೊಂಡರು. 1942ರಿಂದ 1944ರವರೆಗೆ ಸಂಶೋಧನ ಸಹಾಯಕರಾಗಿ ದುಡಿದರು. ಈ ಅವಧಿಯಲ್ಲಿ ತಮಿಳು ಮತ್ತು ತೆಲುಗು ಪ್ರದೇಶಗಳ ಜನಪದ ಗೀತೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದರು. ಮುಂದೆ ಸಿದ್ಧಾಂತಕಾರರಾಗಿ ಪ್ರಸಿದ್ಧರಾದ ಶ್ರೀನಿವಾಸ್ ಅವರ ಆರಂಭದ ಶ್ರಮದಲ್ಲಿ ಜನಪದ ಸಾಹಿತ್ಯದ ಸಂಗ್ರಹಕಾರ್ಯವೂ ಸೇರಿತ್ತೆಂಬುದನ್ನು ಕನ್ನಡ ಜಾನಪದ ವಿದ್ವಾಂಸರು ಗಮನಿಸಬೇಕು.

ಕೊಡಗಿನ ಕ್ಷೇತ್ರಕಾರ್ಯ ಸುಗಮವಾಗಿ ನಡೆಯಲಿಲ್ಲ. ಅನಾರೋಗ್ಯದಿಂದಾಗಿ ಅವರು ಅದನ್ನು ಮೊಟಕುಗೊಳಿಸಬೇಕಾಯಿತು. ಆದರೂ ಸುಮಾರು ಒಂಬೈನೂರು ಪುಟಗಳ ಮಹಾಪ್ರಬಂಧ ಸಿದ್ಧವಾಗಿ, 1944ರಲ್ಲಿ ಪಿಎಚ್.ಡಿ. ಪದವಿಗೆ ಸಲ್ಲಿಕೆಯಾಯಿತು. ಸಾಮಗ್ರಿಯ ದೃಷ್ಟಿಯಿಂದ ಅದು ಸಮೃದ್ಧವಾದರೂ ಆ ಸಾಮಗ್ರಿಯನ್ನು ಒಗ್ಗೂಡಿಸುವ ಸೈದ್ಧಾಂತಿಕ ಸೂತ್ರ ಇನ್ನೂ ದೊರೆತಿರಲಿಲ್ಲ. ಅದನ್ನು ಅರಸಿ ಅವರು 1945ರಲ್ಲಿ ಆಕ್ಸ್‌ಫರ್ಡ್ ಸೇರಿದರು.

ಆಕ್ಸ್‌ಫರ್ಡ್‌ನಲ್ಲಿ ಅವರ ಮೊದಲ ಮಾರ್ಗದರ್ಶಕರಾದ ಎ.ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ ಅವರ ಹಿನ್ನೆಲೆಯೂ ಇಲ್ಲಿ ಉಲ್ಲೇಖನೀಯ. 1906ರಿಂದ 1908ರವರೆಗೆ ಅಂಡಮಾನ್ ದ್ವೀಪವಾಸಿಗಳ ನಡುವೆ ಅವರು ನಡೆಸಿದ ಅಧ್ಯಯನಕ್ಕೆ ಆಧಾರವಾಗಿದ್ದುದು ಕೇಂಬ್ರಿಜ್‌ನ ಆಂಥೊನಿ ವಿಲ್ಕಿನ್ ವಿದ್ಯಾರ್ಥಿವೇತನ. ಟಾರೆಸ್ ಜಲಸಂಧಿಯ ಸಂಶೋಧನ ಯಾತ್ರೆಯಲ್ಲಿ ಪಾಲ್ಗೊಂಡು ಎಳೆಯ ವಯಸ್ಸಿನಲ್ಲೇ ತೀರಿಕೊಂಡ ವಿದ್ಯಾರ್ಥಿಯೊಬ್ಬನ ಸ್ಮರಣೆಗಾಗಿ ಸ್ಥಾಪಿತವಾದ ನಿಧಿ ಅದು. ಹೀಗೆ ಶ್ರೀನಿವಾಸ್ ಅವರ ಇಬ್ಬರು ಗುರುಗಳೂ ವಿದ್ಯಾರ್ಥಿದೆಸೆಯಲ್ಲಿ ದೊರೆತ ನೆರವಿನಿಂದಲೇ ಶಾಸ್ತ್ರವನ್ನು ಪ್ರವೇಶಿಸಿದವರು.

ರ‍್ಯಾಡ್‌ಕ್ಲಿಫ್-ಬ್ರೌನ್ ಅವರು ಕೊಡಗಿನ ಸಾಮಗ್ರಿಯನ್ನೇ ಮತ್ತೆ ಕೈಗೆತ್ತಿಕೊಂಡು, ಧರ್ಮ ಮತ್ತು ಸಮಾಜಗಳ ಸಂಬಂಧದ ದೃಷ್ಟಿಯಿಂದ ವಿಶ್ಲೇಷಿಸುವಂತೆ ಸೂಚಿಸಿದರು. ಅವರು ನಿವೃತ್ತರಾದ ಮೇಲೆ ಇ.ಇ. ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಅಧ್ಯಯನ ಮುಂದುವರಿದು 1947ರಲ್ಲಿ ಡಿ.ಫಿಲ್. ಪದವಿ ಲಭಿಸಿತು. 1952ರಲ್ಲಿ ಪ್ರಕಟವಾದ ಕೊಡವರ ಧರ್ಮ ಮತ್ತು ಸಮಾಜದ ಗ್ರಂಥ ಇದರ ಪರಿಣಾಮ. ಒಕ್ಕವೆಂಬ ಕುಟುಂಬ ಘಟಕ, ಮಂಗಲವೆಂಬ ಆಚರಣೆ, ಮಡಿ ಮೈಲಿಗೆಗಳ ಕಲ್ಪನೆ ಇವೆಲ್ಲ ಸಮಾಜದ ಐಕ್ಯವನ್ನು ಹೇಗೆ ಕಾಯುತ್ತವೆ ಎಂಬುದನ್ನು ಅಲ್ಲಿ ವಿವೇಚಿಸಲಾಗಿದೆ. ಸಂಸ್ಕೃತೀಕರಣದ ಪರಿಕಲ್ಪನೆ ಪ್ರಸಿದ್ಧಿಗೆ ಬಂದದ್ದೂ ಈ ಗ್ರಂಥದ ಮೂಲಕವೇ. ಒಂದೇ ಕ್ಷೇತ್ರಸಾಮಗ್ರಿಯ ಮೇಲೆ ಎರಡು ಪದವಿಗಳ ಅವಧಿಯಷ್ಟು ಚಿಂತನೆ ನಡೆಸುವ ಅವಕಾಶವಿಲ್ಲದಿದ್ದರೆ, ಆ ಒಂಬೈನೂರು ಪುಟಗಳು ವಿವರಣೆಯ ಹಂತದಲ್ಲಿಯೇ ಉಳಿಯುವ ಸಂಭವವಿತ್ತು.

ಇದಾದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ಅವರಿಗೆ ದೊರೆಯಿತು. ಮೊದಲ ವರ್ಷವನ್ನು ಪಾಠ ಹೇಳುವುದಕ್ಕೆ ಬದಲಾಗಿ ಭಾರತದ ಒಂದು ಹಳ್ಳಿಯ ಅಧ್ಯಯನದಲ್ಲಿ ಕಳೆಯಲು ಇವಾನ್ಸ್-ಪ್ರಿಚರ್ಡ್ ಸಮ್ಮತಿಸಿದರು. ಶ್ರೀನಿವಾಸ್ ಅವರ ಜೀವನದಲ್ಲಿ ಇದಕ್ಕಿಂತ ಫಲಪ್ರದವಾದ ನೆರವು ಮತ್ತೊಂದಿಲ್ಲವೆನ್ನಬಹುದು. ಸಂಬಳದ ಆತಂಕವಿಲ್ಲದೆ, ವರದಿ ಒಪ್ಪಿಸುವ ಅವಸರವಿಲ್ಲದೆ 1948ರಲ್ಲಿ ಅವರು ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದನ್ನು ರಾಂಪುರವೆಂದು ಕರೆದರು. ಊರ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯೇ ಅವರ ಬಿಡಾರವಾಯಿತು. ಜಗುಲಿಯ ಮಾತುಕತೆ, ನ್ಯಾಯಪಂಚಾಯಿತಿ, ಬೇಸಾಯದ ಋತುಚಕ್ರ, ಹಬ್ಬ ಹರಿದಿನ, ಜಗಳ ರಾಜಿಗಳನ್ನು ತಿಂಗಳುಗಟ್ಟಲೆ ಗಮನಿಸಿ ಟಿಪ್ಪಣಿ ಮಾಡಿಕೊಂಡರು. ಭೂಮಿ, ಸಂಖ್ಯಾಬಲ ಮತ್ತು ಅಧಿಕಾರಗಳು ಒಂದೆಡೆ ಸೇರಿದಾಗ ವರ್ಣಶ್ರೇಣಿಯಲ್ಲಿ ಮೇಲಿಲ್ಲದ ಜಾತಿಯೂ ಊರನ್ನು ಆಳುತ್ತದೆ ಎಂಬ ಅರಿವು ಅಲ್ಲಿನ ಒಕ್ಕಲಿಗರ ಸ್ಥಾನವನ್ನು ಕಂಡಾಗ ಮೂಡಿತು. ಪ್ರಬಲ ಜಾತಿ ಎಂಬ ಪರಿಕಲ್ಪನೆಯ ಮೂಲ ಇದು. ಶಾಸ್ತ್ರಗ್ರಂಥಗಳಿಂದ ಕಂಡ ಜಾತಿ ಬೇರೆ, ಊರೊಳಗಿನಿಂದ ಕಂಡ ಜಾತಿ ಬೇರೆ ಎಂಬ ಅವರ ನಿಲುವು ಈ ಒಂದು ವರ್ಷದ ಕೊಡುಗೆ.

ಆದರೆ ನೆರವು ಕಾಲವನ್ನು ಕೊಡಬಲ್ಲದು, ನಿಲ್ಲುವ ಜಾಗವನ್ನು ಬದಲಿಸಲಾರದು. ಬ್ರಾಹ್ಮಣ ವಿದ್ವಾಂಸರೆಂಬ ಕಾರಣದಿಂದ ಊರು ಅವರಿಂದ ಕೆಲವು ನಡವಳಿಕೆಗಳನ್ನು ನಿರೀಕ್ಷಿಸಿತು. ಪಟೇಲರ ಆಶ್ರಯದಲ್ಲಿದ್ದುದರಿಂದ ದಲಿತರ ಕೇರಿಯೂ ಹೆಂಗಸರ ಲೋಕವೂ ಅವರಿಗೆ ಪೂರ್ಣವಾಗಿ ತೆರೆದುಕೊಳ್ಳಲಿಲ್ಲ. ಇದನ್ನು ಅವರೂ ಮರೆಮಾಚಲಿಲ್ಲ. ಅವರ ಗ್ರಾಮಚಿತ್ರ ಮೇಲಿನಿಂದ ಕಂಡದ್ದೆಂಬ ಮುಂದಿನ ವಿಮರ್ಶೆಗೆ ಬೇರು ಇಲ್ಲಿದೆ. ಯಾರಿಗೆ ನೆರವು ದೊರೆಯುತ್ತದೆ ಎಂಬುದು ಯಾವ ಜ್ಞಾನ ಹುಟ್ಟುತ್ತದೆ ಎಂಬುದನ್ನೂ ನಿಯಂತ್ರಿಸುತ್ತದೆ ಎಂಬ ಸತ್ಯವನ್ನು ರಾಂಪುರದ ಅಧ್ಯಯನ ತನ್ನ ಸಿದ್ಧಿಯಿಂದ ಹೇಗೋ ಹಾಗೆ ಮಿತಿಯಿಂದಲೂ ಸ್ಪಷ್ಟಪಡಿಸುತ್ತದೆ.

1951ರಲ್ಲಿ ಶ್ರೀನಿವಾಸ್ ಆಕ್ಸ್‌ಫರ್ಡ್‌ನ್ನು ಬಿಟ್ಟು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯಕ್ಕೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. 1959ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಹೊಸ ವಿಭಾಗದ ಹೊಣೆ ಹೊತ್ತರು. ತಾವು ಪಡೆದುದನ್ನು ಹಿಂದಿರುಗಿಸುವ ಘಟ್ಟವಿದು. ಸಂಶೋಧನ ವಿದ್ಯಾರ್ಥಿ ದೀರ್ಘಕಾಲ ಕ್ಷೇತ್ರದಲ್ಲಿ ಇರಬೇಕೆಂಬ ಪದ್ಧತಿಯನ್ನು ಅವರು ಈ ವಿಭಾಗಗಳಲ್ಲಿ ಬೇರೂರಿಸಿದರು. ಆಂದ್ರೆ ಬೆತೆಯ್ ಅವರು ತಂಜಾವೂರು ಜಿಲ್ಲೆಯ ಹಳ್ಳಿಯೊಂದನ್ನು ಕುರಿತು ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪದ್ಧತಿಯ ಶ್ರೇಷ್ಠ ಫಲಗಳಲ್ಲಿ ಒಂದು. 1968ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೆಹಲಿ ವಿಭಾಗವನ್ನು ಉನ್ನತ ಅಧ್ಯಯನ ಕೇಂದ್ರವೆಂದು ಮಾನ್ಯಮಾಡಿತು. 1969ರಲ್ಲಿ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು ಸ್ಥಾಪನೆಯಾದ ಮೇಲೆ ಅದು ಕೈಗೊಂಡ ಸಮಾಜಶಾಸ್ತ್ರ ಮತ್ತು ಸಾಮಾಜಿಕ ಮಾನವಶಾಸ್ತ್ರಗಳ ಸಂಶೋಧನ ಸಮೀಕ್ಷೆಯಲ್ಲಿಯೂ ಶ್ರೀನಿವಾಸ್ ಪ್ರಮುಖ ಪಾತ್ರ ವಹಿಸಿದರು.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಉನ್ನತ ಅಧ್ಯಯನ ಕೇಂದ್ರದ ಆಹ್ವಾನದ ಮೇರೆಗೆ ಅವರು ರಾಂಪುರದ ಕುರಿತ ಗ್ರಂಥವನ್ನು ಬರೆಯಲು ಅಲ್ಲಿಗೆ ತೆರಳಿದ್ದರು. ಏಪ್ರಿಲ್ 24ರಂದು ದುಷ್ಕರ್ಮಿಗಳು ಕೇಂದ್ರಕ್ಕೆ ಹಚ್ಚಿದ ಬೆಂಕಿಯಲ್ಲಿ ಅವರ ಕೊಠಡಿ ಸುಟ್ಟುಹೋಯಿತು. ಹದಿನೆಂಟು ವರ್ಷಗಳ ಅವಧಿಯಲ್ಲಿ ಪರಿಷ್ಕರಿಸಿ ವರ್ಗೀಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲಿಯೇ ಇದ್ದು ನಾಶವಾದವು. ಕ್ಷೇತ್ರದಲ್ಲಿ ಬರೆದ ಮೂಲ ದಿನಚರಿಗಳು ದೆಹಲಿಯಲ್ಲಿ ಉಳಿದಿದ್ದವಾದರೂ, ಸಹೋದ್ಯೋಗಿ ಸೋಲ್ ಟ್ಯಾಕ್ಸ್ ಅವರ ಸೂಚನೆಯಂತೆ ನೆನಪಿನ ಬಲದಿಂದಲೇ ಗ್ರಂಥರಚನೆಗೆ ತೊಡಗಿದರು. 1976ರಲ್ಲಿ ಪ್ರಕಟವಾದ, ನೆನಪಿನಲ್ಲಿ ಉಳಿದ ಹಳ್ಳಿಯ ಆ ಕಥನ ಮಾನವಶಾಸ್ತ್ರದ ಕೃತಿಯಾಗಿರುವಂತೆಯೇ ಸಾಹಿತ್ಯಕೃತಿಯಾಗಿಯೂ ಮನ್ನಣೆ ಪಡೆಯಿತು. ಟಿಪ್ಪಣಿಗಳು ಬೂದಿಯಾದರೂ ಊರಿನಲ್ಲಿ ಕಳೆದ ಕಾಲ ಅವರೊಳಗೆ ಉಳಿದಿತ್ತು. ಕೆಲವು ದಿನಗಳ ಭೇಟಿಯಿಂದ ಸಂಗ್ರಹಿಸಿದ ಮಾಹಿತಿಗೆ ಇಂಥ ಬಾಳಿಕೆ ಇರಲಾರದು.

1972ರಲ್ಲಿ ಅವರು ಬೆಂಗಳೂರಿಗೆ ಬಂದು, ವಿ.ಕೆ.ಆರ್.ವಿ. ರಾವ್ ಅವರೊಡನೆ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯನ್ನು ಕಟ್ಟುವ ಕಾರ್ಯದಲ್ಲಿ ತೊಡಗಿದರು. 1976ರಲ್ಲಿ ಹಕ್ಸ್‌ಲಿ ಪದಕ, 1977ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದವು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಅವರು 1999ರ ನವೆಂಬರ್ 30ರಂದು ನಿಧನರಾದರು.

ಶ್ರೀನಿವಾಸ್ ಅವರ ಕಾಲದೊಡನೆ ಹೋಲಿಸಿದರೆ ಇಂದು ನೆರವಿನ ಮಾರ್ಗಗಳು ಹೆಚ್ಚಿವೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನವೇತನ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ತರುವಾಯ ಹಿರಿಯ ಶ್ರೇಣಿಯಲ್ಲಿ ಅದು 42,000 ರೂಪಾಯಿ. ಸಮಾಜವಿಜ್ಞಾನ ಸಂಶೋಧನ ಪರಿಷತ್ತು ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ವೇತನ ನೀಡುತ್ತದೆ. 1941ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ವೆನ್ನರ್-ಗ್ರೆನ್ ಪ್ರತಿಷ್ಠಾನ ಯಾವುದೇ ದೇಶದ ಮಾನವಶಾಸ್ತ್ರ ವಿದ್ಯಾರ್ಥಿಯ ಕ್ಷೇತ್ರಕಾರ್ಯಕ್ಕೆ ನೆರವಾಗುತ್ತದೆ. ಪುರಾತತ್ತ್ವವೂ ಅದರ ವ್ಯಾಪ್ತಿಯಲ್ಲಿದೆ. ಇವೆಲ್ಲಕ್ಕಿಂತ ಮಹತ್ತ್ವದ ಬೆಳವಣಿಗೆ ಎಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗಾಗಿ 2005-06ರಿಂದ ಆರಂಭವಾದ ರಾಷ್ಟ್ರೀಯ ಸಂಶೋಧನವೇತನ. ರಾಂಪುರದಲ್ಲಿ ವಿದ್ವಾಂಸರಿಗೆ ಪೂರ್ಣವಾಗಿ ತೆರೆಯದಿದ್ದ ಕೇರಿಯಿಂದಲೇ ಸಂಶೋಧಕರು ಹೊರಬರುವ ದಾರಿಯನ್ನು ಅದು ಮಾಡಿಕೊಟ್ಟಿತು.

ಆದರೆ ವೇತನದ ಮೊತ್ತ ಏರಿದಂತೆ ಕ್ಷೇತ್ರಕಾರ್ಯದ ಅವಕಾಶ ಏರಿಲ್ಲ. ಮಾನವಿಕ ಮತ್ತು ಸಮಾಜವಿಜ್ಞಾನಗಳ ಕಿರಿಯ ಸಂಶೋಧಕನಿಗೆ ಪ್ರವಾಸ, ಪುಸ್ತಕ, ಇತರ ವೆಚ್ಚಗಳೆಲ್ಲ ಸೇರಿ ಮೊದಲೆರಡು ವರ್ಷಗಳಲ್ಲಿ ದೊರೆಯುವ ಸಾದಿಲ್ವಾರು ಅನುದಾನ ವರ್ಷಕ್ಕೆ 10,000 ರೂಪಾಯಿ ಮಾತ್ರ. ಅವಿಭಕ್ತ ಧಾರವಾಡ ಜಿಲ್ಲೆಯ ಉದಾಹರಣೆಯನ್ನೇ ಗಮನಿಸಬಹುದು. ಧಾರವಾಡದ ಸಮೀಪದ ಹಳ್ಳಿಯೊಂದನ್ನು ಕೆ. ಈಶ್ವರನ್ ಅವರು ಶಿವಾಪುರವೆಂಬ ಹೆಸರಿನಲ್ಲಿ ಅಧ್ಯಯನ ಮಾಡಿ 1968ರಲ್ಲಿ ಗ್ರಂಥ ಪ್ರಕಟಿಸಿದರು. ಅದೇ ಜಿಲ್ಲೆಯ ದಕ್ಷಿಣ ಭಾಗವಾಗಿದ್ದು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು, ಹಿರೇಕೆರೂರು ಸೀಮೆಗಳ ಊರುಗಳು ಇಂದಿಗೂ ಶಾಸನಗಳ ಮೂಲಕವೇ ಹೆಚ್ಚು ಪರಿಚಿತ. ಚಿಕ್ಕೇರೂರಿನಂಥ ಊರಿನ ಕೆರೆ, ಗುಡಿ, ಕೇರಿ, ಜಾತ್ರೆಗಳ ಪರಸ್ಪರ ಸಂಬಂಧವನ್ನು ಅರಿಯಲು ಶಾಸನಪಾಠ ಒಂದೇ ಸಾಲದು. ಒಂದು ಬೆಳೆಯ ಚಕ್ರ ಪೂರ್ಣಗೊಳ್ಳುವವರೆಗಾದರೂ ಸಂಶೋಧಕ ಅಲ್ಲಿ ಉಳಿಯಬೇಕಾಗುತ್ತದೆ. ಕನ್ನಡ ವಿಭಾಗಗಳಲ್ಲಿ ಜಾನಪದ, ಶಾಸನ, ಸ್ಥಳನಾಮಗಳ ಕುರಿತು ದುಡಿಯುವ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಮುಂಬಯಿಯ ಸಣ್ಣ ವೇತನವೊಂದು ಕೊಡಗಿನ ಬಾಗಿಲನ್ನು ತೆರೆಯಿತು. ಆಕ್ಸ್‌ಫರ್ಡ್‌ನ ಒಂದು ವರ್ಷದ ವಿನಾಯಿತಿ ರಾಂಪುರವನ್ನು ಕಾಣಿಸಿತು. ಎರಡರ ಹಿಂದೆಯೂ ಇದ್ದದ್ದು ಹಣದ ಪ್ರಮಾಣಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿಗೆ ಕಾಲ ಬೇಕು ಎಂಬುದನ್ನು ಅರಿತ ಗುರುಗಳ ನಂಬಿಕೆ. ಸಂಶೋಧನವೇತನದ ನಿಯಮಗಳನ್ನು ರೂಪಿಸುವವರೂ ಮಾರ್ಗದರ್ಶಕರೂ ಶ್ರೀನಿವಾಸ್ ಅವರ ಬದುಕಿನಿಂದ ಮೊದಲು ಗ್ರಹಿಸಬೇಕಾದದ್ದು ಇದನ್ನೇ.